ಆತ್ಮರಕ್ಷಣೆಯ ಮದ್ದುಗುಂಡು

ಆತ್ಮರಕ್ಷಣೆಯ ಮದ್ದುಗುಂಡು ಎಂದರೆ ಪ್ರಾಣಾಪಾಯ ಒಡ್ಡುವ ದಾಳಿಕೋರನನ್ನು ಆದಷ್ಟು ಬೇಗ ತಡೆಯುವ ಉದ್ದೇಶದಿಂದ ಪಿಸ್ತೂಲು, ರಿವಾಲ್ವರ್ ಅಥವಾ ಚರೆಕೋವಿಗಳಲ್ಲಿ ಬಳಸಲು ತಯಾರಿಸಿದ ತೋಟಾಗಳು. ಗುರಿ ಅಭ್ಯಾಸದ ತೋಟಾಗಳಿಗಿಂತ ಇವು ಗುಂಡಿನ ಆಕಾರದಲ್ಲಿ, ಬೆಲೆಯಲ್ಲಿ ಮತ್ತು ಪರೀಕ್ಷಾ ವಿಧಾನದಲ್ಲಿ ಭಿನ್ನವಾಗಿವೆ. ಸಾಮಾನ್ಯ ನಾಗರಿಕರು ಆತ್ಮರಕ್ಷಣೆಗಾಗಿ ಕೈಬಂದೂಕು ಇಟ್ಟುಕೊಳ್ಳುವುದು ವ್ಯಾಪಕವಾಗಿರುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇವುಗಳಿಗೆ ದೊಡ್ಡ ಮಾರುಕಟ್ಟೆ ಇದೆ. ಈ ಕುರಿತ ಸಂಶೋಧನೆ, ವಾದವಿವಾದ ಮತ್ತು ತರಬೇತಿಯ ಪರಂಪರೆಯೂ ಬಹುಮಟ್ಟಿಗೆ ಅಲ್ಲಿಯದೇ ಆಗಿದೆ. ಹೊಸದಾಗಿ ಬಂದೂಕು ಕೊಂಡವರು ಮೊದಲು ಕೇಳುವ ಪ್ರಶ್ನೆ "ಯಾವ ಗುಂಡು ಅತ್ಯಂತ ಶಕ್ತಿಶಾಲಿ?" ಎಂಬುದು. ಪರೀಕ್ಷಾಲಯಗಳ ಅನುಭವದ ಪ್ರಕಾರ ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ಗುಂಡು ಸಾಕಷ್ಟು ಆಳಕ್ಕೆ ಇಳಿಯುತ್ತದೆಯೇ, ಆ ಬಂದೂಕಿನಲ್ಲಿ ಸಿಕ್ಕಿಕೊಳ್ಳದೆ ಹಾರುತ್ತದೆಯೇ, ಹಾರಿಸುವವರು ಅದರ ಹಿಮ್ಮೆಟ್ಟನ್ನು ತಾಳಿಕೊಂಡು ಗುರಿ ಮುಟ್ಟಿಸಬಲ್ಲರೇ ಎಂಬ ಮೂರು ಸಂಗತಿಗಳು ಕ್ಯಾಲಿಬರಿನ ಹೆಸರಿಗಿಂತ ಮುಖ್ಯವಾದವು.

ತೋಟಾದ ರಚನೆ

ಕನ್ನಡದ ಆಡುಮಾತಿನಲ್ಲಿ "ಗುಂಡು" ಎಂಬ ಒಂದೇ ಪದವು ಇಡೀ ತೋಟಾವನ್ನೂ ಅದರ ತುದಿಯಿಂದ ಹಾರಿಹೋಗುವ ಲೋಹದ ತುಂಡನ್ನೂ ಸೂಚಿಸುತ್ತದೆ. ತಾಂತ್ರಿಕವಾಗಿ ಇವೆರಡೂ ಬೇರೆ. ತೋಟಾದಲ್ಲಿ ನಾಲ್ಕು ಭಾಗಗಳಿವೆ: ಸಾಮಾನ್ಯವಾಗಿ ಹಿತ್ತಾಳೆಯಿಂದ ಮಾಡಿದ ಕೋಶ, ಅದರ ಬುಡದಲ್ಲಿರುವ ಪ್ರೈಮರ್, ಒಳಗಿನ ಮದ್ದು ಮತ್ತು ಬಾಯಿಯಲ್ಲಿ ಕೂರಿಸಿದ ಗುಂಡು. ಮಲೆನಾಡಿನ ಹಳೆಯ ಕೇಪಿನ ಕೋವಿಯಲ್ಲಿ ಹೊರಗಿಡುವ ಕೇಪು ಮಾಡುವ ಕೆಲಸವನ್ನೇ ಇಲ್ಲಿ ಪ್ರೈಮರ್ ಮಾಡುತ್ತದೆ. ಬಂದೂಕಿನ ಸೂಜಿ ಬಡಿದಾಗ ಅದು ಕಿಡಿ ಕೊಟ್ಟು ಮದ್ದನ್ನು ಹೊತ್ತಿಸುತ್ತದೆ. ಉಂಟಾದ ಅನಿಲದ ಒತ್ತಡವು ಗುಂಡನ್ನು ನಳಿಗೆಯ ಮೂಲಕ ತಳ್ಳುತ್ತದೆ.

ಕ್ಯಾಲಿಬರ್ ಎಂಬುದು ಸ್ಥೂಲವಾಗಿ ಗುಂಡಿನ ವ್ಯಾಸ. ಆದರೆ ಹೆಸರಿನಲ್ಲಿರುವ ಸಂಖ್ಯೆಯೊಂದನ್ನೇ ನಂಬಿ ತೋಟಾ ಕೊಳ್ಳುವಂತಿಲ್ಲ. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಗೇಯಾರ್ಗ್ ಲ್ಯೂಗರ್ ರೂಪಿಸಿದ 9 ಮಿ.ಮೀ. ಲ್ಯೂಗರ್ ತೋಟಾ, ".380 ಆಟೋ" ಎಂದು ಕರೆಯಲಾಗುವ 9 ಮಿ.ಮೀ. ಶಾರ್ಟ್, ಸೋವಿಯತ್ ಮೂಲದ 9 ಮಿ.ಮೀ. ಮಕರೋವ್ ಈ ಮೂರರ ಹೆಸರಿನಲ್ಲೂ 9 ಇದೆ. ಆದರೂ ಒಂದರ ಬದಲು ಇನ್ನೊಂದನ್ನು ಬಳಸಲಾಗದು. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ತೋಟಾ ಹಾರಿಸಬಹುದು, ಅದಕ್ಕೆ ವಿರುದ್ಧವಾಗಿ ಮಾಡುವಂತಿಲ್ಲ. ಇನ್ನೂ ಅಪಾಯಕಾರಿಯಾದದ್ದು ಚರೆಕೋವಿಯ ವಿಷಯ: 20 ಗೇಜಿನ ತೋಟಾ 12 ಗೇಜಿನ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಹಿಂದೆ 12 ಗೇಜಿನದನ್ನು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಈ ಕಾರಣದಿಂದಲೇ 20 ಗೇಜಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ. ಸರಿಯಾದ ತೋಟಾ ಯಾವುದೆಂಬುದನ್ನು ಬಂದೂಕಿನ ನಳಿಗೆಯ ಮೇಲೆ ಕೊರೆದಿರುತ್ತಾರೆ. ಪೆಟ್ಟಿಗೆಯ ಮೇಲಿನ ಮತ್ತು ಕೋಶದ ಬುಡದ ಮೇಲಿನ ಬರಹ ಅದಕ್ಕೆ ಪೂರ್ಣವಾಗಿ ಹೊಂದಬೇಕು.

ಗುಂಡಿನ ತೂಕವನ್ನು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಹೇಳಲಾಗುತ್ತದೆ. ಒಂದು ಪೌಂಡಿಗೆ 7,000 ಗ್ರೇನ್. 9 ಮಿ.ಮೀ. ಲ್ಯೂಗರಿನಲ್ಲಿ ಸಾಮಾನ್ಯವಾಗಿ ಸಿಗುವ 115, 124 ಮತ್ತು 147 ಗ್ರೇನ್ ಗುಂಡುಗಳು ಕ್ರಮವಾಗಿ ಸುಮಾರು 7.5, 8 ಮತ್ತು 9.5 ಗ್ರಾಂ ತೂಗುತ್ತವೆ.

ಗುಂಡಿನ ಬಗೆಗಳು ಮತ್ತು ಟೊಳ್ಳುಮೂತಿಯ ಇತಿಹಾಸ

ಅಭ್ಯಾಸಕ್ಕೆ ಬಳಸುವ ಗುಂಡುಗಳಲ್ಲಿ ಹೆಚ್ಚಿನವು ಪೂರ್ಣ ಕವಚದವು. ಸೀಸದ ತಿರುಳಿನ ಮೇಲೆ ತಾಮ್ರದ ಮಿಶ್ರಲೋಹದ ಹೊದಿಕೆ, ದುಂಡನೆಯ ಮೂತಿ, ಕಡಿಮೆ ಬೆಲೆ, 50ರ ಪೆಟ್ಟಿಗೆ. ಇವು ಆಕಾರ ಕೆಡದೆ ನೇರವಾಗಿ ತೂರಿಹೋಗುತ್ತವೆ. ಗುರಿಫಲಕಕ್ಕೆ ಇದರಿಂದ ತೊಂದರೆಯಿಲ್ಲ. ಆತ್ಮರಕ್ಷಣೆಯ ಸಂದರ್ಭದಲ್ಲಿ ಮಾತ್ರ ಗುಂಡು ಎದುರಿನವನ ದೇಹವನ್ನು ದಾಟಿ ಹಿಂದಿರುವ ಅಮಾಯಕರಿಗೆ ತಗಲುವ ಸಂಭವ ಹೆಚ್ಚು.

ಟೊಳ್ಳುಮೂತಿ ಗುಂಡಿನ ತುದಿಯಲ್ಲಿ ಒಂದು ಕುಳಿ ಇರುತ್ತದೆ. ದ್ರವಾಂಶ ತುಂಬಿದ ಅಂಗಾಂಶದೊಳಗೆ ಹೋದಾಗ ಒತ್ತಡದಿಂದ ಕುಳಿ ಹಿಗ್ಗಿ, ಗುಂಡು ಅಣಬೆಯಂತೆ ಅರಳುತ್ತದೆ. ವ್ಯಾಸ ಹೆಚ್ಚುವುದರಿಂದ ಗಾಯ ಅಗಲವಾಗುತ್ತದೆ, ವೇಗ ಬೇಗ ಕುಗ್ಗುತ್ತದೆ, ಗುಂಡು ದೇಹದೊಳಗೇ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ.

ಅರಳುವ ಗುಂಡಿನ ಕುಖ್ಯಾತಿಗೆ ಭಾರತದ ನಂಟಿದೆ. 1890ರ ದಶಕದಲ್ಲಿ ಕಲ್ಕತ್ತೆಯ ಸಮೀಪದ ಡಂಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ .303 ರೈಫಲಿಗಾಗಿ ತುದಿಯಲ್ಲಿ ಸೀಸ ತೆರೆದಿರುವ ಗುಂಡನ್ನು ರೂಪಿಸಿದನು. "ಡಂಡಂ ಗುಂಡು" ಎಂಬ ಹೆಸರು ಅಲ್ಲಿಂದ ಬಂದು, ಕಾಲಕ್ರಮೇಣ ಅರಳುವ ಎಲ್ಲ ಗುಂಡುಗಳಿಗೂ ಅಂಟಿಕೊಂಡಿತು. 1899ರ ಹೇಗ್ ಘೋಷಣೆಯು ದೇಹದೊಳಗೆ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಒಪ್ಪಂದದ ರಾಷ್ಟ್ರಗಳ ನಡುವಿನ ಯುದ್ಧದಲ್ಲಿ ನಿಷೇಧಿಸಿತು. ಯುದ್ಧದಲ್ಲಿ ನಿಷಿದ್ಧವಾದದ್ದನ್ನು ಪೊಲೀಸರು ಹೇಗೆ ಬಳಸುತ್ತಾರೆ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಘೋಷಣೆಯ ವ್ಯಾಪ್ತಿ ಯುದ್ಧಕ್ಕಷ್ಟೇ ಸೀಮಿತ. ಜನನಿಬಿಡ ಬೀದಿಯಲ್ಲಿ ಗುಂಡು ಹಾರಿಸಬೇಕಾದವರಿಗೆ ಅದು ದೇಹ ದಾಟಿ ಹೋಗದಿರುವುದೇ ಮುಖ್ಯ ಎಂಬ ಕಾರಣಕ್ಕೆ ಅಮೆರಿಕದ ಬಹುತೇಕ ಪೊಲೀಸ್ ಇಲಾಖೆಗಳು ಟೊಳ್ಳುಮೂತಿಯನ್ನು ಒಪ್ಪಿಕೊಂಡಿವೆ. ಆದರೂ ಜನರಲ್ಲಿ ಈ ಗುಂಡಿನ ಬಗೆಗಿನ ಭೀತಿ ಹೋಗಿಲ್ಲ. ವಿಂಚೆಸ್ಟರ್ ಕಂಪನಿ 1991ರಲ್ಲಿ ತಂದ "ಬ್ಲ್ಯಾಕ್ ಟ್ಯಾಲನ್" ಎಂಬ ಕಪ್ಪು ಕವಚದ ಗುಂಡು ಎಷ್ಟು ಕೆಟ್ಟ ಹೆಸರು ಪಡೆಯಿತೆಂದರೆ, 1993ರಲ್ಲಿ ಅದನ್ನು ಸಾರ್ವಜನಿಕ ಮಾರಾಟದಿಂದ ಹಿಂತೆಗೆದುಕೊಳ್ಳಲಾಯಿತು. ಅದೇ ಕಾಲದ ಇತರ ಟೊಳ್ಳುಮೂತಿಗಳಿಗಿಂತ ಅದು ಅಸಾಧಾರಣವೇನೂ ಆಗಿರಲಿಲ್ಲ. ಕೆಲಸ ಕೆಡಿಸಿದ್ದು ಹೆಸರು ಮತ್ತು ಬಣ್ಣ.

"ಹೊಡೆದುರುಳಿಸುವ ಶಕ್ತಿ"ಯ ಕಲ್ಪನೆ ಮತ್ತು 1986ರ ಮಯಾಮಿ ಘಟನೆ

ಚಲನಚಿತ್ರಗಳಲ್ಲಿ ಗುಂಡು ತಗಲಿದವನು ಹಿಂದಕ್ಕೆ ಹಾರಿ ಬೀಳುತ್ತಾನೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರುತ್ತದೆ ಎಂಬ ನ್ಯೂಟನ್ನನ ನಿಯಮದಂತೆ, ಗುರಿಯನ್ನು ಎತ್ತಿ ಎಸೆಯುವಷ್ಟು ಆವೇಗ ಗುಂಡಿಗಿದ್ದರೆ ಹಾರಿಸಿದವನೂ ಹಾಗೆಯೇ ಹಿಂದಕ್ಕೆ ಬೀಳಬೇಕಾಗುತ್ತದೆ. ಪಿಸ್ತೂಲಿನ ಗುಂಡು ಅಂಥ ಕೆಲಸ ಮಾಡುವುದಿಲ್ಲ. ಸೆಕೆಂಡಿಗೆ 900 ಮೀಟರಿಗೂ ಮಿಕ್ಕಿ ಸಾಗುವ ರೈಫಲ್ ಗುಂಡು ಸುತ್ತಲಿನ ಅಂಗಾಂಶವನ್ನು ಹಿಗ್ಗಿಸಿ ಹರಿಯಬಲ್ಲದು. ಸುಮಾರು 350 ಮೀಟರ್ ವೇಗದ 9 ಮಿ.ಮೀ. ಗುಂಡು ಬಹುಮಟ್ಟಿಗೆ ತಾನು ನೇರವಾಗಿ ತಾಗಿದ್ದನ್ನು ಮಾತ್ರ ಹಾಳುಮಾಡುತ್ತದೆ. ಮಿದುಳು ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟು ಬೀಳದ ಹೊರತು ದೃಢನಿಶ್ಚಯದ ವ್ಯಕ್ತಿ ಮಾರಣಾಂತಿಕ ಗಾಯವಾದ ಮೇಲೂ ಕೆಲಹೊತ್ತು ಕಾದಾಡಬಲ್ಲನು.

ಇದಕ್ಕೆ ಅತ್ಯಂತ ದುಬಾರಿ ಸಾಕ್ಷ್ಯ ದೊರೆತದ್ದು 1986ರ ಏಪ್ರಿಲ್ 11ರಂದು, ಫ್ಲೋರಿಡಾದ ಮಯಾಮಿ ಹೊರವಲಯದಲ್ಲಿ. ಬ್ಯಾಂಕ್ ದರೋಡೆಕೋರರಾದ ಮೈಕೆಲ್ ಪ್ಲ್ಯಾಟ್ ಮತ್ತು ವಿಲಿಯಂ ಮ್ಯಾಟಿಕ್ಸ್ ಎಂಬುವರನ್ನು ಎಫ್‌ಬಿಐನ ಎಂಟು ಮಂದಿ ಏಜೆಂಟರು ತಡೆದಾಗ ಕಾಳಗ ನಡೆಯಿತು. ಆರಂಭದಲ್ಲಿಯೇ ಏಜೆಂಟರ 9 ಮಿ.ಮೀ. ಟೊಳ್ಳುಮೂತಿ ಗುಂಡೊಂದು ಪ್ಲ್ಯಾಟನ ಬಲತೋಳನ್ನು ದಾಟಿ ಎದೆಯನ್ನು ಹೊಕ್ಕಿತು. ಶ್ವಾಸಕೋಶಕ್ಕೆ ಹಾನಿ ಮಾಡಿದ ಗುಂಡು ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಯಿತು. ಆ ಗಾಯದಿಂದ ಬದುಕುಳಿಯುವುದು ಕಷ್ಟವಿತ್ತಾದರೂ ಪ್ಲ್ಯಾಟ್ ಅನಂತರವೂ ತನ್ನ ರೈಫಲಿನಿಂದ ಗುಂಡು ಹಾರಿಸುತ್ತಲೇ ಇದ್ದನು. ಏಜೆಂಟರಾದ ಬೆಂಜಮಿನ್ ಗ್ರೋಗನ್ ಮತ್ತು ಜೆರಿ ಡವ್ ಮೃತಪಟ್ಟರು, ಐವರು ಗಾಯಗೊಂಡರು. ದರೋಡೆಕೋರರಿಬ್ಬರೂ ಸತ್ತರು.

ಏಜೆಂಟರ ತಂತ್ರ, ಸಿದ್ಧತೆ, ಎದುರಾಳಿಯ ಬಳಿಯಿದ್ದ ರೈಫಲ್ ಇವೆಲ್ಲವೂ ಆ ದಿನದ ಪರಿಣಾಮಕ್ಕೆ ಕಾರಣವಾಗಿದ್ದವು. ದೋಷವನ್ನೆಲ್ಲ ಒಂದು ಗುಂಡಿನ ತಲೆಗೆ ಕಟ್ಟಿದ್ದು ಅತಿಯಾಯಿತು ಎನ್ನುವವರೂ ಇದ್ದಾರೆ. ಏನೇ ಇದ್ದರೂ ಎಫ್‌ಬಿಐ ತನ್ನ ಮದ್ದುಗುಂಡನ್ನು ಆಮೂಲಾಗ್ರವಾಗಿ ಮರುಪರಿಶೀಲಿಸಿತು. ಅಮೆರಿಕ ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಗಾಯಗಳ ಅಧ್ಯಯನಕ್ಕೆ ಬಳಸುತ್ತಿದ್ದ ಜೆಲಟಿನ್ ವಿಧಾನ ಇದಕ್ಕೆ ಆಧಾರವಾಯಿತು. ಶೇಕಡ 10ರಷ್ಟು ಜೆಲಟಿನ್ ಇರುವ, 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿದ ಗಟ್ಟಿಗಳಿಗೆ ಗುಂಡು ಹಾರಿಸಿ ಅದು ಇಳಿದ ಆಳ ಮತ್ತು ಅರಳಿದ ಅಗಲವನ್ನು ಅಳೆಯಲಾಗುತ್ತದೆ. ಬರಿಯ ಜೆಲಟಿನ್ ಅಲ್ಲದೆ ದಪ್ಪ ಬಟ್ಟೆ, ಉಕ್ಕಿನ ತಗಡು, ಮನೆಯ ಗೋಡೆಯ ಹಲಗೆ, ಪ್ಲೈವುಡ್ ಮತ್ತು ಕಾರಿನ ಗಾಜನ್ನು ಅಡ್ಡವಿಟ್ಟೂ ಪರೀಕ್ಷೆ ನಡೆಯುತ್ತದೆ. ಗುಂಡು ಕನಿಷ್ಠ 12 ಇಂಚು ಇಳಿಯಬೇಕು, 18 ಇಂಚು ಮೀರಬಾರದು ಎಂಬುದು ಮಾನದಂಡ. ಮನುಷ್ಯನ ಎದೆ ಅಷ್ಟು ದಪ್ಪವಿಲ್ಲವಲ್ಲ ಎಂಬ ಸಂದೇಹ ಸಹಜ. ಎದುರಿನವನು ಪಕ್ಕಕ್ಕೆ ತಿರುಗಿದ್ದಾಗ ಅಥವಾ ತೋಳು ಚಾಚಿದ್ದಾಗ ಗುಂಡು ಪ್ಲ್ಯಾಟನ ಪ್ರಸಂಗದಲ್ಲಾದಂತೆ ಮೊದಲು ತೋಳನ್ನು ದಾಟಬೇಕಾಗುತ್ತದೆ ಎಂಬುದು ಇದಕ್ಕೆ ಉತ್ತರ.

ಎಫ್‌ಬಿಐ ಮೊದಲು ಹೆಚ್ಚು ಶಕ್ತಿಯ 10 ಮಿ.ಮೀ. ತೋಟಾವನ್ನು ಆರಿಸಿಕೊಂಡಿತು. ಅದರ ಹಿಮ್ಮೆಟ್ಟು ಅನೇಕ ಏಜೆಂಟರಿಗೆ ಒಗ್ಗಲಿಲ್ಲ. ಬಳಿಕ 1990ರಲ್ಲಿ ಮಾರುಕಟ್ಟೆಗೆ ಬಂದ .40 ಸ್ಮಿತ್ ಆ್ಯಂಡ್ ವೆಸನ್ ತೋಟಾ ಅದರ ಸ್ಥಾನ ಪಡೆಯಿತು. ಈ ನಡುವೆ ತಯಾರಕರೆಲ್ಲ ಅದೇ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಗುಂಡುಗಳನ್ನು ತಿದ್ದುತ್ತ ಬಂದುದರಿಂದ 9 ಮಿ.ಮೀ. ಮತ್ತು ದೊಡ್ಡ ಕ್ಯಾಲಿಬರುಗಳ ನಡುವಿನ ಅಂತರ ಕಿರಿದಾಯಿತು. 2010ರ ದಶಕದ ಮಧ್ಯದಲ್ಲಿ ಎಫ್‌ಬಿಐ ಮತ್ತೆ 9 ಮಿ.ಮೀ.ಗೇ ಮರಳಿತು. ಹಿಮ್ಮೆಟ್ಟು ಕಡಿಮೆ, ಮ್ಯಾಗಜೀನಿನಲ್ಲಿ ಹೆಚ್ಚು ತೋಟಾ, ಹೆಚ್ಚಿನವರಿಗೆ ಸುಲಭವಾಗಿ ಸಿಗುವ ಗುರಿ ಎಂಬುವು ಅದು ಕೊಟ್ಟ ಕಾರಣಗಳು.

ಆಯ್ಕೆ

ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೊಳ್ಳುಮೂತಿ ತೋಟಾಗಳು ಪ್ರಮುಖ ತಯಾರಕರೆಲ್ಲರ ಬಳಿಯೂ ಇವೆ. ಅವುಗಳೊಳಗಿನ ವ್ಯತ್ಯಾಸ ಹೊಸಬರು ಭಾವಿಸುವಷ್ಟು ದೊಡ್ಡದಲ್ಲ. ದಪ್ಪ ಬಟ್ಟೆಯನ್ನು ದಾಟುವಾಗ ಕುಳಿಯೊಳಗೆ ಎಳೆಗಳು ತುಂಬಿಕೊಂಡರೆ ಟೊಳ್ಳುಮೂತಿ ಅರಳದೆ ಪೂರ್ಣ ಕವಚದ ಗುಂಡಿನಂತೆಯೇ ವರ್ತಿಸುತ್ತದೆ. ಇದನ್ನು ತಪ್ಪಿಸಲು ಕೆಲವು ತಯಾರಕರು ಕುಳಿಯನ್ನು ಮೃದುವಾದ ಪಾಲಿಮರಿನಿಂದ ಮುಚ್ಚುತ್ತಾರೆ. ತಗಲಿದೊಡನೆ ಪುಡಿಯಾಗುವ, ಚೂರುಗಳಾಗಿ ಒಡೆಯುವ ವಿಚಿತ್ರ ಗುಂಡುಗಳ ಜಾಹೀರಾತುಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ಬೇಕಾದ ಆಳಕ್ಕೆ ಇಳಿಯುವುದಿಲ್ಲ.

ಸಣ್ಣ ಗಾತ್ರದ .380 ಆಟೋ ತೋಟಾದಲ್ಲಿ ಅರಳುವಿಕೆ ಮತ್ತು ಆಳ ಎರಡನ್ನೂ ಒಟ್ಟಿಗೆ ಪಡೆಯುವುದು ಕಷ್ಟ. ಗಿಡ್ಡ ನಳಿಗೆಯ .38 ರಿವಾಲ್ವರಿಗೂ ಇದೇ ತೊಡಕು, ಏಕೆಂದರೆ ನಳಿಗೆ ಚಿಕ್ಕದಾದಷ್ಟೂ ವೇಗ ಕಡಿಮೆ. .22 ಲಾಂಗ್ ರೈಫಲ್ ತೋಟಾ ಅಗ್ಗ, ಸದ್ದು ಮತ್ತು ಹಿಮ್ಮೆಟ್ಟು ಕಡಿಮೆ, ಕಲಿಕೆಗೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಅದರ ಪ್ರೈಮರ್ ಮಿಶ್ರಣ ಕೋಶದ ಅಂಚಿನೊಳಗೆ ಇರುವುದರಿಂದ ಹೊತ್ತದೆ ಉಳಿಯುವ ತೋಟಾಗಳು ಹೆಚ್ಚು. 12 ಗೇಜಿನ ಚರೆಕೋವಿ ಬಲವಾದದ್ದು. ಹಕ್ಕಿ ಬೇಟೆಯ ಸಣ್ಣ ಚರೆ ಆಳಕ್ಕೆ ಇಳಿಯದ ಕಾರಣ ಆತ್ಮರಕ್ಷಣೆಗೆ ಸುಮಾರು 8.4 ಮಿ.ಮೀ. ವ್ಯಾಸದ "00 ಬಕ್‌ಶಾಟ್" ಎಂಬ ದೊಡ್ಡ ಚರೆಯನ್ನು ಸಲಹೆ ಮಾಡಲಾಗುತ್ತದೆ. ಅದರ ಹಿಮ್ಮೆಟ್ಟು ಹೊಸಬರನ್ನು ಹೆದರಿಸುವಂಥದ್ದು. ದೇಹದೊಳಗೆ ಸಾಕಷ್ಟು ಆಳಕ್ಕೆ ಇಳಿಯಬಲ್ಲ ಯಾವುದೇ ಗುಂಡು ಅಮೆರಿಕದ ಮನೆಗಳ ಜಿಪ್ಸಮ್ ಹಲಗೆಯ ಒಳಗೋಡೆಗಳನ್ನೂ ದಾಟುತ್ತದೆ. ಗೋಡೆಯಾಚೆಯ ಕೋಣೆಯಲ್ಲಿ ಯಾರು ಮಲಗಿದ್ದಾರೆ ಎಂಬುದನ್ನು ಯಾವ ತೋಟಾವೂ ಪರಿಹರಿಸಿಕೊಡಲಾರದು.

"+ಪಿ" ಗುರುತಿನ ತೋಟಾಗಳಲ್ಲಿ ಒತ್ತಡ ಹೆಚ್ಚು. 9 ಮಿ.ಮೀ. ಲ್ಯೂಗರಿಗೆ ಅಮೆರಿಕದ ತಯಾರಕರ ಮಾನದಂಡ ಸಂಸ್ಥೆಯಾದ ಸಾಮಿ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್, +ಪಿಗೆ 38,500. ಬಂದೂಕಿನ ಕೈಪಿಡಿ ಅನುಮತಿಸಿದರೆ ಮಾತ್ರ ಇವನ್ನು ಬಳಸಬೇಕು.

ಯಾವ ತೋಟಾ ಆರಿಸಿಕೊಂಡರೂ ಅದು ಆ ನಿರ್ದಿಷ್ಟ ಬಂದೂಕಿನಲ್ಲಿ ತೊಡಕಿಲ್ಲದೆ ಓಡುವುದನ್ನು ಖಚಿತಪಡಿಸಿಕೊಳ್ಳಬೇಕು. ದುಂಡುಮೂತಿಯ ಅಗ್ಗದ ತೋಟಾ ಸರಾಗವಾಗಿ ಹೋಗುವ ಪಿಸ್ತೂಲಿನಲ್ಲಿ ಅಗಲ ಬಾಯಿಯ ಟೊಳ್ಳುಮೂತಿ ಚೇಂಬರಿನ ಅಂಚಿಗೆ ತಾಗಿ ನಿಲ್ಲಬಹುದು. ಆತ್ಮರಕ್ಷಣೆಯ ತೋಟಾಗಳು 20 ಅಥವಾ 25ರ ಪೆಟ್ಟಿಗೆಯಲ್ಲಿ ದುಬಾರಿಯಾಗಿ ಬರುವುದರಿಂದ ಅನೇಕರು ಈ ಪರೀಕ್ಷೆಯನ್ನೇ ಕೈಬಿಡುತ್ತಾರೆ. ಕೆಲವೇ ಪೆಟ್ಟಿಗೆಗಳ ಖರ್ಚು ಉಳಿಸಿ ಬಂದೂಕು ಕೈಕೊಡುವುದನ್ನು ಅಗತ್ಯದ ಕ್ಷಣದಲ್ಲಿ ತಿಳಿಯುವುದು ಒಳ್ಳೆಯ ಲೆಕ್ಕಾಚಾರವಲ್ಲ. ಇನ್ನೊಂದು ವಿಷಯವನ್ನು ಅನುಭವಿಗಳೂ ಮರೆಯುತ್ತಾರೆ. ಒಂದೇ ತೋಟಾವನ್ನು ದಿನವೂ ಹೊರತೆಗೆದು ಮತ್ತೆ ಚೇಂಬರಿಗೆ ತುಂಬುತ್ತಿದ್ದರೆ ಗುಂಡು ಕೋಶದೊಳಗೆ ಹಿಂದಕ್ಕೆ ಸರಿಯುತ್ತದೆ. ಒಳಗಿನ ಜಾಗ ಕುಗ್ಗಿ ಹಾರಿಸುವಾಗ ಒತ್ತಡ ಅಪಾಯಕರವಾಗಿ ಏರುತ್ತದೆ. ಹೊಸ ತೋಟಾದ ಪಕ್ಕದಲ್ಲಿಟ್ಟು ನೋಡಿದಾಗ ಗಿಡ್ಡವಾಗಿ ಕಂಡದ್ದನ್ನು ಬಳಸಬಾರದು.

ಹೊಸಬರ ಕಲಿಕೆ

ಅಮೆರಿಕದ ಮಾಜಿ ಸೇನಾಧಿಕಾರಿ ಜೆಫ್ ಕೂಪರ್ (1920–2006) ಪ್ರಚಾರಕ್ಕೆ ತಂದ ನಾಲ್ಕು ನಿಯಮಗಳು ಇಂದು ಬಹುತೇಕ ಎಲ್ಲ ತರಬೇತಿಗಳ ಬುನಾದಿಯಾಗಿವೆ. ಎಲ್ಲ ಬಂದೂಕುಗಳೂ ಸದಾ ತುಂಬಿವೆ ಎಂದೇ ಭಾವಿಸಬೇಕು. ನಾಶಮಾಡಲು ಸಿದ್ಧವಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಮೇಲೆ ಬರಬಾರದು. ಗುರಿ ಯಾವುದು ಮತ್ತು ಅದರ ಹಿಂದೇನಿದೆ ಎಂಬುದು ಖಚಿತವಾಗಿರಬೇಕು. ಆಕಸ್ಮಿಕ ಗಾಯವಾಗಬೇಕಾದರೆ ಸಾಮಾನ್ಯವಾಗಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ನಿಯಮಗಳು ಒಟ್ಟಿಗೆ ಮುರಿಯಬೇಕಾಗುತ್ತದೆ.

ಪಿಸ್ತೂಲನ್ನು ಬರಿದುಮಾಡುವ ಕ್ರಮದಲ್ಲಿ ಹೊಸಬರು ಎಡವುವುದು ಹೆಚ್ಚು. ಮೊದಲು ಮ್ಯಾಗಜೀನ್ ತೆಗೆದು, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರಿನ ತೋಟಾ ಹೊರಹಾಕಬೇಕು. ಈ ಕ್ರಮ ತಿರುವುಮುರುವಾದರೆ ಮ್ಯಾಗಜೀನಿನಿಂದ ಮತ್ತೊಂದು ತೋಟಾ ಚೇಂಬರಿಗೆ ಸೇರುತ್ತದೆ, ಬಂದೂಕು ಖಾಲಿಯೆಂಬ ಭ್ರಮೆ ಉಳಿಯುತ್ತದೆ. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಚೇಂಬರ್ ಬರಿದಾಗಿರುವುದನ್ನು ದೃಢಪಡಿಸಿಕೊಳ್ಳುವುದು ವಾಡಿಕೆ.

ಹಿಡಿತದಲ್ಲಿ ಎರಡೂ ಹೆಬ್ಬೆರಳುಗಳನ್ನು ಒಂದೇ ಪಕ್ಕಕ್ಕೆ ಮುಂದಕ್ಕೆ ಚಾಚಬೇಕು. ಸ್ಲೈಡಿನ ಹಿಂದೆ ಹೆಬ್ಬೆರಳಿಟ್ಟರೆ ಗಾಯ ಖಚಿತ. ರಿವಾಲ್ವರಿನಲ್ಲಿ ಉರುಳೆ ಮತ್ತು ನಳಿಗೆಯ ನಡುವಿನ ಸಂದಿನಿಂದ ಬಿಸಿ ಅನಿಲ ಚಿಮ್ಮುವುದರಿಂದ ಅಲ್ಲಿ ಬೆರಳು ಇರಬಾರದು. ಗುರಿ ತಪ್ಪುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಸದ್ದು ಮತ್ತು ಹಿಮ್ಮೆಟ್ಟನ್ನು ನಿರೀಕ್ಷಿಸಿ ಕೈ ಬಿಗಿದು ನಳಿಗೆಯನ್ನು ಕೆಳಗೆ ತಳ್ಳುವ ಅಭ್ಯಾಸ. ಬೇರೆಯವರಿಂದ ಮ್ಯಾಗಜೀನಿನ ನಡುವೆ ಡಮ್ಮಿ ತೋಟಾ ಸೇರಿಸಿಕೊಂಡರೆ ಈ ದೋಷ ತನಗೇ ಕಾಣುತ್ತದೆ: ತೋಟಾ ಹಾರದಿದ್ದರೂ ನಳಿಗೆ ಬಾಗುತ್ತದೆ. ಬರಿದಾದ ಬಂದೂಕಿನಲ್ಲಿ ಟ್ರಿಗರ್ ಎಳೆಯುವ ಅಭ್ಯಾಸವೂ ಉಪಯುಕ್ತ. ಆಗ ನಿಜವಾದ ತೋಟಾಗಳು ಆ ಕೋಣೆಯಲ್ಲಿಯೇ ಇರಬಾರದು.

ಟ್ರಿಗರ್ ಎಳೆದಾಗ ತೋಟಾ ಹಾರದಿದ್ದರೆ ನಳಿಗೆಯನ್ನು ಗುರಿಯ ದಿಕ್ಕಿನಲ್ಲಿಯೇ ಇಟ್ಟು 30 ಸೆಕೆಂಡು ಕಾಯಬೇಕು; ಮದ್ದು ತಡವಾಗಿ ಹೊತ್ತಬಹುದು. ಸದ್ದು ಕ್ಷೀಣವಾಗಿ ಕೇಳಿಸಿ ಹಿಮ್ಮೆಟ್ಟು ಇಲ್ಲವೇ ಇಲ್ಲ ಎನಿಸಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿರುವ ಸಾಧ್ಯತೆಯಿದೆ. ಮುಂದಿನದನ್ನು ಹಾರಿಸದೆ ನಳಿಗೆಯನ್ನು ಪರೀಕ್ಷಿಸಬೇಕು. ಬಂದೂಕಿನ ಸದ್ದು 140 ಡೆಸಿಬೆಲ್ ಮೀರುವುದರಿಂದ ರಕ್ಷಣೆಯಿಲ್ಲದೆ ಒಮ್ಮೆ ಹಾರಿಸಿದರೂ ಕಿವಿಗೆ ಶಾಶ್ವತ ಹಾನಿಯಾಗಬಹುದು. ಅಭ್ಯಾಸದ ಬಳಿಕ ಊಟಕ್ಕೆ ಮೊದಲು ಕೈತೊಳೆಯಬೇಕೆಂಬ ನಿಯಮ ಸೀಸದ ವಿಷದಿಂದ ಬಂದದ್ದು.

ಮನೆಯಲ್ಲಿ ಸಂಗ್ರಹ

ಬಂದೂಕು ಕೊಳ್ಳುವವರು ಕಲ್ಪಿಸಿಕೊಳ್ಳುವುದು ಹೊರಗಿನ ದಾಳಿಕೋರನನ್ನು. ಅಂಕಿಅಂಶಗಳು ಬೇರೆಯೇ ಚಿತ್ರ ಕೊಡುತ್ತವೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸಂಭವಿಸಿದ 48,830 ಸಾವುಗಳಲ್ಲಿ 26,328 ಆತ್ಮಹತ್ಯೆಗಳು. ಕೈಗೆಟುಕುವಲ್ಲಿ ತುಂಬಿದ ಬಂದೂಕಿದ್ದರೆ ಕ್ಷಣಿಕ ಹತಾಶೆ ಮರಳಿಬಾರದ ಕೃತ್ಯವಾಗಿ ಬಿಡುತ್ತದೆ. ಮಕ್ಕಳ ಕೈಗೆ ಸಿಕ್ಕಿ ಆಗುವ ಅವಘಡಗಳು ಬೇರೆ. ಬಂದೂಕನ್ನು ಬರಿದಾಗಿ ಬೀಗದೊಳಗೆ, ತೋಟಾಗಳನ್ನು ಪ್ರತ್ಯೇಕವಾಗಿ ಮತ್ತೊಂದು ಬೀಗದೊಳಗೆ ಇಡಬೇಕೆಂದು ವೈದ್ಯಕೀಯ ಸಂಸ್ಥೆಗಳು ಹೇಳುತ್ತವೆ. ಆತ್ಮರಕ್ಷಣೆಗೆ ತಕ್ಷಣ ಸಿಗಬೇಕೆನ್ನುವವರು ಸಂಖ್ಯೆ ಒತ್ತಿದರೆ ತೆರೆಯುವ ಸಣ್ಣ ತಿಜೋರಿಯನ್ನು ಬಳಸುತ್ತಾರೆ. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ ಬಂದೂಕನ್ನು ತಾತ್ಕಾಲಿಕವಾಗಿ ಮನೆಯಿಂದಲೇ ಹೊರಗಿಡುವ ಸಲಹೆಯನ್ನು ಆತ್ಮಹತ್ಯೆ ತಡೆಯ ತಜ್ಞರು ನೀಡುತ್ತಾರೆ. ತೋಟಾಗಳು ತಂಪಾದ ಒಣ ಜಾಗದಲ್ಲಿ ದಶಕಗಳ ಕಾಲ ಕೆಡದೆ ಉಳಿಯುತ್ತವೆ.

ಕಾನೂನು

ಮನೆಯಲ್ಲಿ ಆತ್ಮರಕ್ಷಣೆಗಾಗಿ ಕೈಬಂದೂಕು ಹೊಂದುವುದು ವೈಯಕ್ತಿಕ ಹಕ್ಕು ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2008ರ ಹೆಲ್ಲರ್ ಪ್ರಕರಣದಲ್ಲಿ ತೀರ್ಪಿತ್ತಿತು. 1968ರ ಬಂದೂಕು ನಿಯಂತ್ರಣ ಕಾಯಿದೆಯಂತೆ ಪರವಾನಗಿ ಪಡೆದ ವ್ಯಾಪಾರಿಗಳು 21 ವರ್ಷ ತುಂಬದವರಿಗೆ ಕೈಬಂದೂಕಿನ ತೋಟಾ ಮಾರುವಂತಿಲ್ಲ. ರಾಜ್ಯಗಳ ನಿಯಮಗಳು ಭಿನ್ನವಾಗಿವೆ. ನ್ಯೂ ಜೆರ್ಸಿಯಲ್ಲಿ ಟೊಳ್ಳುಮೂತಿ ತೋಟಾಗಳನ್ನು ಮನೆಯಲ್ಲಿಟ್ಟುಕೊಳ್ಳಬಹುದಾದರೂ ಹೊರಗೆ ಒಯ್ಯುವುದಕ್ಕೆ ನಿರ್ಬಂಧಗಳಿವೆ.

ಭಾರತದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಬಂದೂಕಿಗಷ್ಟೇ ಅಲ್ಲ, ಮದ್ದುಗುಂಡಿಗೂ ಪರವಾನಗಿ ಬೇಕು. 9 ಮಿ.ಮೀ. ಮೊದಲಾದ ಕ್ಯಾಲಿಬರುಗಳು ನಾಗರಿಕರಿಗೆ ಸಾಮಾನ್ಯವಾಗಿ ನಿಷಿದ್ಧವಾಗಿರುವುದರಿಂದ ಇಲ್ಲಿ .32 ಕ್ಯಾಲಿಬರಿನ ಕೈಬಂದೂಕುಗಳೇ ಹೆಚ್ಚು. ಕಾನ್ಪುರದ ಸರ್ಕಾರಿ ಕಾರ್ಖಾನೆಯು 2014ರಲ್ಲಿ ಮಹಿಳೆಯರಿಗಾಗಿ ತಂದ "ನಿರ್ಭೀಕ್" ರಿವಾಲ್ವರ್ ಕೂಡ ಇದೇ ಕ್ಯಾಲಿಬರಿನದು. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಈ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಬಂದೂಕಿನ ಬಳಕೆಗಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಹೇಳುವ ಖಾಸಗಿ ರಕ್ಷಣೆಯ ಹಕ್ಕು, ಅಂದರೆ ರಕ್ಷಣೆಗೆ ಅಗತ್ಯವಾದಷ್ಟೇ ಬಲ ಬಳಸಬಹುದೆಂಬ ಮಿತಿ, ಎಲ್ಲರಿಗೂ ಒಂದೇ.